ಕೇಳುವವರ ಮೈಯನ್ನು ನೋಡಿದವನು: ಪ್ಯಾಟ್ರಿಸ್ ಶೆರೋನ ಒಪೆರಾ ಬದುಕು

ಪ್ಯಾಟ್ರಿಸ್ ಶೆರೋ ಮೊದಲ ಒಪೆರಾ ನಿರ್ದೇಶಿಸಿದ್ದು 1969ರಲ್ಲಿ, ಕೊನೆಯದು 2013ರಲ್ಲಿ. ನಡುವೆ ನಲವತ್ತನಾಲ್ಕು ವರ್ಷ. ವಾಗ್ನರ್‌ನ ನಾಲ್ಕು ರಾತ್ರಿಗಳ ‘ರಿಂಗ್’ ಅನ್ನು ಒಂದೇ ಎಂದು ಹಿಡಿದರೆ, ಈ ಅವಧಿಯಲ್ಲಿ ಅವನು ರಂಗಕ್ಕೆ ತಂದ ಒಪೆರಾಗಳು ಹನ್ನೊಂದರ ಆಸುಪಾಸು. ಬೇಡಿಕೆಯಲ್ಲಿರುವ ಇಂದಿನ ನಿರ್ದೇಶಕರು ಇಷ್ಟನ್ನು ಮೂರು ನಾಲ್ಕು ವರ್ಷಗಳಲ್ಲಿ ಮಾಡಿ ಮುಗಿಸುತ್ತಾರೆ. ಆದರೂ ಒಪೆರಾ ರಂಗಭೂಮಿಯ ಇತ್ತೀಚಿನ ಚರಿತ್ರೆಯನ್ನು ಯಾರೇ ಬರೆಯಲಿ, ಶೆರೋನನ್ನು ಬಿಟ್ಟು ಮುಂದೆ ಹೋಗಲಾರರು.

ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ, ಜರ್ಮನಿಯ ಬೈರಾಯ್ಟ್‌ನ ವಾಗ್ನರ್ ಉತ್ಸವದಲ್ಲಿ ಅವನ ‘ರಿಂಗ್’ 1976ರಲ್ಲಿ ಎಬ್ಬಿಸಿದ ಗಲಾಟೆ. ದೇವತೆಗಳಿಗೆ ಕೋಟು ತೊಡಿಸಿದ, ರೈನ್ ನದಿಗೆ ಅಣೆಕಟ್ಟು ಕಟ್ಟಿಸಿದ ಫ್ರೆಂಚ್ ಹುಡುಗ ಎಂಬ ಚಿತ್ರ ಅವನಿಗೆ ಅಂಟಿಕೊಂಡುಬಿಟ್ಟಿದೆ. ಆ ಚಿತ್ರದಲ್ಲಿ ನಿಜವಿದೆ, ಆದರೆ ಅದು ಅವನ ವೃತ್ತಿಬದುಕಿನ ಹೊರಮೈ ಮಾತ್ರ. ಅಷ್ಟೂ ಕೆಲಸವನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ಕಾಣುವುದು ಬೇರೆ. ಒಬ್ಬರು ಹಾಡುತ್ತಿರುವಾಗ ಅದನ್ನು ಕೇಳುತ್ತ ನಿಂತ ಇನ್ನೊಬ್ಬರ ಮೈಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಶೆರೋನಷ್ಟು ತಾಳ್ಮೆಯಿಂದ ಗಮನಿಸಿದ ನಿರ್ದೇಶಕರು ವಿರಳ. ಆ ಗಮನಕ್ಕೆ ಬೇಕಾದ ಸಮಯವನ್ನು ಅವನು ಹಟ ಹಿಡಿದು ಪಡೆದ, ಸಿಗದಾಗ ಸುಮ್ಮನಿದ್ದ. ಕಡಿಮೆ ಮಾಡಿದ್ದರಿಂದಲೇ ಅವನ ಕೆಲಸಕ್ಕೆ ಆ ಆಳ ಬಂತು ಎಂದು ನಾನು ನಂಬುತ್ತೇನೆ.

ಒಪೆರಾ ನಿರ್ದೇಶಕನ ಕಷ್ಟ ನಾಟಕದ ನಿರ್ದೇಶಕನ ಕಷ್ಟಕ್ಕಿಂತ ಬೇರೆ. ನಾಟಕದಲ್ಲಿ ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ನಡುವಿನ ಮೌನ ಎಷ್ಟು ಹೊತ್ತು ಇರಬೇಕು ಎಂದು ನಿರ್ಧರಿಸುವುದು ನಿರ್ದೇಶಕ ಮತ್ತು ನಟರು. ಒಪೆರಾದಲ್ಲಿ ಅದನ್ನು ಸಂಗೀತಕಾರ ನೂರಿನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಬಾಗಿಲು ತೆರೆಯುವುದಕ್ಕೆ ಎಷ್ಟು ಮಾತ್ರೆ, ಕತ್ತಿ ಎತ್ತುವುದಕ್ಕೆ ಎಷ್ಟು ಮಾತ್ರೆ ಎಂಬುದೆಲ್ಲ ಸ್ವರಲಿಪಿಯಲ್ಲಿದೆ. ಅದರ ಮೇಲೆ ಕಂಡಕ್ಟರನ ಅಧಿಕಾರ. ಹಾಡುವವರು ಅವನ ಕೈಯನ್ನು ನೋಡುತ್ತಿರಬೇಕು, ಮೈಕಿನ ನೆರವಿಲ್ಲದೆ ಎಪ್ಪತ್ತು ಎಂಬತ್ತು ವಾದ್ಯಗಳನ್ನು ದಾಟಿ ಧ್ವನಿ ಕೊನೆಯ ಸಾಲಿಗೆ ಮುಟ್ಟಬೇಕು. ಇಷ್ಟೆಲ್ಲ ಕಟ್ಟುಪಾಡಿನ ನಡುವೆ ನಿರ್ದೇಶಕನಿಗೆ ಉಳಿಯುವುದೇನು? ಆ ನಿಗದಿಯಾದ ಕಾಲದೊಳಗೆ ಮನುಷ್ಯರು ಹೇಗೆ ಬದುಕುತ್ತಾರೆ ಎಂಬುದು. ಕೆಲವರು ಆ ಜಾಗವನ್ನು ಅಲಂಕಾರದಿಂದ ತುಂಬಿದರು, ಕೆಲವರು ವಿಚಾರದಿಂದ. ಶೆರೋ ಅದನ್ನು ನಟನೆಯಿಂದ ತುಂಬಿದ.

ಅವನು ಈ ದಾರಿಯಲ್ಲಿ ಮೊದಲಿಗನೇನೂ ಅಲ್ಲ. 1947ರಲ್ಲಿ ಬರ್ಲಿನ್ನಿನಲ್ಲಿ ಕೋಮಿಷೆ ಒಪೆರ್ ಕಟ್ಟಿದ ವಾಲ್ಟರ್ ಫೆಲ್ಸೆನ್‌ಸ್ಟೈನ್, ಹಾಡು ಪಾತ್ರದ ಒಳಗಿನಿಂದಲೇ ಹುಟ್ಟಬೇಕು ಎಂದು ತಿಂಗಳುಗಟ್ಟಲೆ ತಾಲೀಮು ನಡೆಸಿದ. 1951ರಲ್ಲಿ ಯುದ್ಧಾನಂತರದ ಬೈರಾಯ್ಟ್ ಮತ್ತೆ ಬಾಗಿಲು ತೆರೆದಾಗ ವಾಗ್ನರ್‌ನ ಮೊಮ್ಮಗ ವೀಲಾಂಡ್, ಅಜ್ಜನ ಕಾಲದ ಬಂಡೆ, ಮರ, ಕೊಂಬಿನ ಶಿರಸ್ತ್ರಾಣಗಳನ್ನೆಲ್ಲ ತೆಗೆದುಹಾಕಿ ಬರಿದಾದ ವೃತ್ತ ಮತ್ತು ಬೆಳಕನ್ನಷ್ಟೇ ಉಳಿಸಿದ. 1955ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಲುಕಿನೊ ವಿಸ್ಕೊಂಟಿ ಮರಿಯಾ ಕಲ್ಲಾಸ್‌ಗಾಗಿ ‘ಲಾ ಟ್ರಾವಿಯಾಟಾ’ ಮಾಡಿದ. ದೊಡ್ಡ ಧ್ವನಿಯೂ ದೊಡ್ಡ ನಟನೆಯೂ ಒಂದೇ ದೇಹದಲ್ಲಿ ಇರಬಲ್ಲವೆಂದು ಅನೇಕರಿಗೆ ಮನವರಿಕೆಯಾದದ್ದು ಆಗ. ಶೆರೋ ಈ ಮೂರೂ ಧಾರೆಗಳ ನಂತರ ಬಂದವನು.

ಹುಟ್ಟಿದ್ದು 1944ರ ನವೆಂಬರ್ 2ರಂದು, ಫ್ರಾನ್ಸಿನ ಪಶ್ಚಿಮ ಭಾಗದ ಲೆಜಿನ್ಯೇ ಎಂಬ ಸಣ್ಣ ಊರಿನಲ್ಲಿ. ತಂದೆ ತಾಯಿ ಇಬ್ಬರೂ ಚಿತ್ರಕಾರರು. ಪ್ಯಾರಿಸ್ಸಿನ ಲೂಯಿ-ಲ-ಗ್ರಾನ್ ಶಾಲೆಯಲ್ಲಿ ಓದುವಾಗಲೇ ನಾಟಕದ ಗೀಳು ಹತ್ತಿ, ಇಪ್ಪತ್ತೆರಡರ ಹರೆಯಕ್ಕೆ ಪ್ಯಾರಿಸ್ ಹೊರವಲಯದ ಸಾರ್ತ್ರೂವಿಲ್ ರಂಗಮಂದಿರದ ಚುಕ್ಕಾಣಿ ಹಿಡಿದ. ಮೂರು ವರ್ಷದಲ್ಲಿ ಅದು ಸಾಲದಲ್ಲಿ ಮುಳುಗಿತು. ಅವನು ಹೊರಟದ್ದು ಇಟಲಿಗೆ. ಮಿಲಾನಿನ ಪಿಕ್ಕೊಲೊ ಟಿಯಾಟ್ರೊದಲ್ಲಿ ಜಾರ್ಜೊ ಸ್ಟ್ರೆಲರ್‌ನ ಕೆಲಸ ಅವನಿಗೆ ಪಾಠಶಾಲೆಯಾಯಿತು. ಬೆಳಕನ್ನು ಹೇಗೆ ಮಾತನಾಡಿಸುವುದು, ವೇದಿಕೆಯ ಖಾಲಿ ಜಾಗದ ಭಾರ ಎಷ್ಟು ಎಂಬುದನ್ನು ಅವನು ಕಲಿತದ್ದು ಅಲ್ಲಿ. ರಂಗಸಜ್ಜಿಕೆಯ ರಿಶಾರ್ ಪೆದುಜ್ಜಿ ಜತೆಯಾದದ್ದೂ ಆ ವರ್ಷಗಳಲ್ಲೇ. ಆ ಜೋಡಿ ಸಾಯುವತನಕ ಮುರಿಯಲಿಲ್ಲ. 1969ರಲ್ಲಿ ಸ್ಪೊಲೆಟೊ ಉತ್ಸವಕ್ಕೆ ರೊಸ್ಸಿನಿಯ ‘ಆಲ್ಜೀರ್ಸ್‌ನಲ್ಲಿ ಇಟಲಿಯ ಹೆಣ್ಣು’, 1974ರಲ್ಲಿ ಪ್ಯಾರಿಸ್ ಒಪೆರಾಕ್ಕೆ ‘ಹೊಫ್‌ಮನ್‌ನ ಕಥೆಗಳು’. ಬೈರಾಯ್ಟ್‌ನಿಂದ ಕರೆ ಬಂದಾಗ ಅವನ ಒಪೆರಾ ಅನುಭವ ಇಷ್ಟೇ.

ಕರೆ ಬಂದ ಬಗೆಯೂ ವಿಚಿತ್ರ. 1876ರಲ್ಲಿ ‘ರಿಂಗ್’ ಮೊದಲ ಸಲ ಪೂರ್ಣವಾಗಿ ರಂಗಕ್ಕೆ ಬಂದು ನೂರು ವರ್ಷ ತುಂಬುತ್ತಿತ್ತು. ಶತಮಾನೋತ್ಸವಕ್ಕೆ ಉತ್ಸವದ ಮುಖ್ಯಸ್ಥ ವೋಲ್ಫ್‌ಗಾಂಗ್ ವಾಗ್ನರ್ ಕಂಡಕ್ಟರ್ ಆಗಿ ಪಿಯೆರ್ ಬುಲೆಜ್‌ನನ್ನು ಒಪ್ಪಿಸಿದ್ದ. ನಿರ್ದೇಶನಕ್ಕೆ ಬೇರೆ ಹೆಸರುಗಳು ಬಂದು ಹೋದವು, ಜರ್ಮನ್ ನಿರ್ದೇಶಕ ಪೀಟರ್ ಸ್ಟೈನ್ ಜತೆಗಿನ ಮಾತುಕತೆ ಮುರಿದುಬಿತ್ತು. ಆಗ ಬುಲೆಜ್ ಸೂಚಿಸಿದ್ದು ಶೆರೋನನ್ನು. ಮೂವತ್ತೊಂದು ವರ್ಷದ, ಜರ್ಮನ್ ಅಲ್ಲದ, ವಾಗ್ನರ್‌ನನ್ನು ಎಂದೂ ಮಾಡದ ನಿರ್ದೇಶಕ ಹದಿನೈದು ತಾಸಿನ ಕೃತಿಯನ್ನು ಹೊತ್ತುಕೊಂಡ. ಸಿದ್ಧತೆಗೆ ಸಿಕ್ಕ ಕಾಲವೂ ಕಡಿಮೆ.

ಮೊದಲ ವರ್ಷದ ಪ್ರತಿಭಟನೆಯ ವಿವರಗಳು ಬಹಳ ಸಲ ಬರೆಯಲ್ಪಟ್ಟಿವೆ. ಸಭಾಂಗಣದಲ್ಲಿ ಸೀಟಿ, ಕೂಗು, ಹಂಚಿದ ಕರಪತ್ರಗಳು, ಕೃತಿಯ ರಕ್ಷಣೆಗೆಂದು ಹುಟ್ಟಿದ ಸಂಘ, ವಾದ್ಯಗಾರರಲ್ಲೂ ಅಸಮಾಧಾನ. ಪರದೆ ಎದ್ದಾಗ ಕಂಡದ್ದು ಪುರಾಣದ ನದಿಯ ಬದಲು ಜಲವಿದ್ಯುತ್ ಅಣೆಕಟ್ಟು. ದೇವರಾಜ ವೋಟನ್ ಹತ್ತೊಂಬತ್ತನೆಯ ಶತಮಾನದ ಶ್ರೀಮಂತನ ನಿಲುವಂಗಿಯಲ್ಲಿದ್ದ. ಸೀಗ್‌ಫ್ರೀಡ್ ಖಡ್ಗ ಮಾಡುವ ಕಡೆ ಯಂತ್ರದ ಸುತ್ತಿಗೆ ಬಡಿಯುತ್ತಿತ್ತು. ವಾಗ್ನರ್ ಕೃತಿ ಬರೆದ ಕಾಲದ ಕೈಗಾರಿಕಾ ಯುರೋಪನ್ನೇ ಶೆರೋ ಅದರೊಳಗೆ ಕಂಡಿದ್ದ.

ಈ ಕಾಣ್ಕೆ ಅವನದೇ ಎಂದು ಹೇಳುವುದು ತಪ್ಪಾಗುತ್ತದೆ. ‘ರಿಂಗ್’ ಅನ್ನು ಬಂಡವಾಳದ ಕಥೆಯಾಗಿ ಬರ್ನಾರ್ಡ್ ಶಾ 1898ರಲ್ಲೇ ಓದಿದ್ದ. ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲ್ಸೆನ್‌ಸ್ಟೈನ್‌ನ ಶಿಷ್ಯ ಯೋಆಖಿಮ್ ಹೆರ್ಟ್ಸ್ 1973ರಿಂದಲೇ ಅಂಥ ‘ರಿಂಗ್’ ಕಟ್ಟುತ್ತಿದ್ದ. ವಿಚಾರದ ಮಟ್ಟದಲ್ಲಿ ಶೆರೋ ಹೊಸದೇನನ್ನೂ ತರಲಿಲ್ಲ ಎಂದು ವಾದಿಸಿದರೆ ನಾನು ಒಪ್ಪುತ್ತೇನೆ. ಅವನು ತಂದ ಹೊಸತು ಬೇರೆ ಕಡೆ ಇದೆ, ಅದನ್ನು ಚಿತ್ರೀಕರಣದಲ್ಲಿ ಇಂದೂ ನೋಡಬಹುದು.

‘ರಿಂಗ್’ನ ಒಂದು ಭಾಗವಾದ ‘ಡಿ ವಾಲ್ಕ್ಯೂರೆ’ಯ ಎರಡನೆಯ ಅಂಕವನ್ನೇ ತೆಗೆದುಕೊಳ್ಳಿ. ವೋಟನ್ ತನ್ನ ಮಗಳು ಬ್ರುನ್‌ಹಿಲ್ಡೆಗೆ ಕಥೆಯನ್ನೆಲ್ಲ ಹೇಳುವ ದೀರ್ಘ ಸ್ವಗತ ಅಲ್ಲಿದೆ. ವಾಗ್ನರ್‌ನ ಭಕ್ತರೂ ಆಕಳಿಸುವ ಜಾಗ ಅದು ಎಂಬ ಮಾತಿತ್ತು. ಶೆರೋ ಅಲ್ಲೊಂದು ದೊಡ್ಡ ಕನ್ನಡಿ ಇಟ್ಟ, ಮೇಲಿನಿಂದ ಲೋಲಕವೊಂದನ್ನು ತೂಗುಬಿಟ್ಟ. ಡೊನಾಲ್ಡ್ ಮ್ಯಾಕಿಂಟೈರ್‌ನ ವೋಟನ್ ತನ್ನ ಸೋಲನ್ನು ಕನ್ನಡಿಯೊಳಗಿನ ತನಗೇ ಹೇಳಿಕೊಳ್ಳತೊಡಗುತ್ತಾನೆ. ಗ್ವಿನೆತ್ ಜೋನ್ಸ್‌ಳ ಬ್ರುನ್‌ಹಿಲ್ಡೆ ಕೇಳುತ್ತಾಳೆ. ಅವಳು ಕೇಳುವುದರಲ್ಲೇ ದೃಶ್ಯ ಇದೆ: ತಂದೆ ದೇವರಾಗಿ ಉಳಿದಿಲ್ಲ ಎಂದು ಅವಳಿಗೆ ತಿಳಿಯುವ ಕ್ಷಣ ಅವಳ ಕುತ್ತಿಗೆಯಲ್ಲಿ, ಭುಜದಲ್ಲಿ ಕಾಣುತ್ತದೆ. ಅಂಕದ ಕೊನೆಗೆ ಸೀಗ್‌ಮುಂಡ್ ಸಾಯುತ್ತಾನೆ. ಅವನ ಸಾವಿಗೆ ಕಾರಣನಾದವನು ಹೆತ್ತ ತಂದೆ ವೋಟನ್. ಶೆರೋನಲ್ಲಿ ಆ ವೋಟನ್ ಓಡಿಬಂದು, ಬೀಳುತ್ತಿರುವ ಮಗನನ್ನು ತೋಳಲ್ಲಿ ಹಿಡಿಯುತ್ತಾನೆ. ಸಾಯುತ್ತಿರುವವನು ಒಂದು ಗಳಿಗೆ ತಂದೆಯ ಮುಖ ನೋಡುತ್ತಾನೆ. ಲಿಬ್ರೆಟ್ಟೊದಲ್ಲಿ, ಅಂದರೆ ಒಪೆರಾದ ಸಾಹಿತ್ಯದಲ್ಲಿ, ಹೀಗೆ ಬರೆದಿಲ್ಲ. ಆದರೆ ಆರ್ಕೆಸ್ಟ್ರಾ ಅಲ್ಲಿ ಹೇಳುತ್ತಿರುವುದು ಅದನ್ನೇ. ಸಂಗೀತಕ್ಕೆ ಕಿವಿಗೊಟ್ಟವನಿಗೆ ಮಾತ್ರ ಹೊಳೆಯುವ ಅಪ್ಪುಗೆ ಅದು. ಈ ಒಂದು ದೃಶ್ಯದ ಎದುರು ಅಣೆಕಟ್ಟಿನ ಚರ್ಚೆ ನನಗೆ ಸಣ್ಣದಾಗಿ ಕಾಣುತ್ತದೆ.

ಇನ್ನೊಂದು ಸಂಗತಿ ಬೈರಾಯ್ಟ್‌ನ ಪದ್ಧತಿಗೆ ಸಂಬಂಧಿಸಿದ್ದು. ಅಲ್ಲಿ ಒಂದು ‘ರಿಂಗ್’ ಹಲವು ಬೇಸಿಗೆ ನಡೆಯುತ್ತದೆ, ಪ್ರತಿ ವರ್ಷ ನಿರ್ದೇಶಕ ಮರಳಿ ಬಂದು ತಿದ್ದಬಹುದು. ಶೆರೋ ತಿದ್ದಿದ. ವಾಲ್ಕ್ಯೂರೆಗಳ ಬಂಡೆ ಮೊದಲ ವರ್ಷ ಆಲ್ಪ್ಸ್ ಶಿಖರದಂತಿತ್ತು. ಮರುವರ್ಷ ಅದು ಹೋಗಿ, ಬ್ಯೋಕ್ಲಿನ್‌ನ ‘ಸತ್ತವರ ದ್ವೀಪ’ ಚಿತ್ರವನ್ನು ನೆನಪಿಸುವ ಹಾಳುಗೋಡೆ ಬಂತು. ಹಾಡುವವರ ಚಲನೆ ವರ್ಷದಿಂದ ವರ್ಷಕ್ಕೆ ಸೂಕ್ಷ್ಮವಾಯಿತು. ಒಂದು ಸಲ ಸೀಗ್‌ಫ್ರೀಡ್ ಪಾತ್ರದ ರೆನೆ ಕೊಲ್ಲೊ ಕಾಲು ಮುರಿದುಕೊಂಡಾಗ, ಅವನು ನೇಪಥ್ಯದಲ್ಲಿ ನಿಂತು ಹಾಡಿದ, ಶೆರೋ ವೇದಿಕೆಯ ಮೇಲೆ ಪಾತ್ರವನ್ನು ಅಭಿನಯಿಸಿದ. ಪ್ರತಿ ಹೆಜ್ಜೆಯೂ ಅವನ ಮೈಯಲ್ಲಿ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 1980ರಲ್ಲಿ ಕೊನೆಯ ಪ್ರದರ್ಶನ ಮುಗಿದಾಗ ಒಂದು ತಾಸಿಗೂ ಹೆಚ್ಚು ಹೊತ್ತು ಚಪ್ಪಾಳೆ ನಿಲ್ಲಲಿಲ್ಲ. ನಾಲ್ಕು ವರ್ಷ ಹಿಂದೆ ಕೂಗಾಡಿದವರಲ್ಲಿ ಎಷ್ಟು ಮಂದಿ ಮನಸ್ಸು ಬದಲಿಸಿದ್ದರೋ, ಎಷ್ಟು ಮಂದಿ ಬರುವುದನ್ನೇ ಬಿಟ್ಟಿದ್ದರೋ, ಬದಲಾದದ್ದು ಪ್ರೇಕ್ಷಕರು ಮಾತ್ರ ಅಲ್ಲ. ಪ್ರಯೋಗವೂ ಬೆಳೆದಿತ್ತು. ಬ್ರಯಾನ್ ಲಾರ್ಜ್ 1979 ಮತ್ತು 1980ರಲ್ಲಿ ಅದನ್ನು ಚಿತ್ರೀಕರಿಸಿದ್ದರಿಂದ ಬೈರಾಯ್ಟ್‌ಗೆ ಎಂದೂ ಕಾಲಿಡದ ಲಕ್ಷಾಂತರ ಜನ ಅದನ್ನು ಟಿವಿಯಲ್ಲಿ ಕಂಡರು. ಆ ಕ್ಯಾಮೆರಾ ಮುಖಗಳ ಹತ್ತಿರ ಹೋಗಬಲ್ಲದ್ದಾಗಿತ್ತು, ಯಾಕೆಂದರೆ ಮುಖಗಳಲ್ಲಿ ನೋಡುವಂಥದ್ದು ಇತ್ತು.

‘ರಿಂಗ್’ ಇನ್ನೂ ನಡೆಯುತ್ತಿರುವಾಗಲೇ, 1979ರ ಫೆಬ್ರವರಿಯಲ್ಲಿ, ಪ್ಯಾರಿಸ್ಸಿನಲ್ಲಿ ‘ಲುಲು’. ಆಲ್ಬನ್ ಬೆರ್ಗ್ 1935ರಲ್ಲಿ ತೀರಿಕೊಂಡಾಗ ಮೂರನೆಯ ಅಂಕದ ಕೆಲಸ ಬಾಕಿಯಿತ್ತು. ಅವನ ವಿಧವೆ ಅದನ್ನು ಇನ್ನೊಬ್ಬರು ಮುಗಿಸಲು ಒಪ್ಪಿರಲಿಲ್ಲ. ಅವಳು 1976ರಲ್ಲಿ ತೀರಿಕೊಂಡ ಮೇಲೆ ಫ್ರೀಡ್ರಿಖ್ ಚೆರ್ಹಾ ಪೂರ್ತಿಗೊಳಿಸಿದ ರೂಪ ಹೊರಬಂತು. ಅದರ ಮೊದಲ ಪ್ರದರ್ಶನ ಶೆರೋ ಮತ್ತು ಬುಲೆಜ್‌ರ ಕೈಯಲ್ಲಿ, ತೆರೆಸಾ ಸ್ತ್ರಾತಾಸ್ ಲುಲು ಆಗಿ. ಪೆದುಜ್ಜಿಯ ಎತ್ತರದ ಅಮೃತಶಿಲೆಯ ಅರಮನೆಗಳ ನಡುವೆ ಮನುಷ್ಯರು ಕಿರಿದಾಗಿ ಕಂಡರು. ಲಂಡನ್ನಿನ ಹಾಳು ಕೊಠಡಿಯಲ್ಲಿ ನಡೆಯಬೇಕಾದ ಕೊನೆಯ ದೃಶ್ಯ ಸಾರ್ವಜನಿಕ ಶೌಚಾಲಯದ ನೆಲಮಾಳಿಗೆಗೆ ಇಳಿಯಿತು. ಬೆರ್ಗ್ ಬಯಸಿದ ಬಿಗಿಯಾದ, ಉಸಿರುಗಟ್ಟುವ ಕೋಣೆಗಳು ಎಲ್ಲಿ ಹೋದವು ಎಂದು ಆಕ್ಷೇಪಿಸಿದವರ ಮಾತಿನಲ್ಲಿ ಹುರುಳಿತ್ತು. ಕಲ್ಲಿನ ಆ ವಿಸ್ತಾರ ಸಂಗೀತದ ಅಳತೆಯನ್ನು ಮೀರಿತ್ತು ಎಂದೇ ನನಗೂ ಅನಿಸುತ್ತದೆ.

ಇದಾದ ಮೇಲೆ ನಡೆದದ್ದು ಇಂದಿನ ಯಾವ ಏಜೆಂಟನೂ ಒಪ್ಪದಂಥದ್ದು. ಬೈರಾಯ್ಟ್ ಗೆದ್ದ, ಪ್ಯಾರಿಸ್ ಗೆದ್ದ ನಿರ್ದೇಶಕನಿಗೆ ಪ್ರಪಂಚದ ಯಾವ ಒಪೆರಾ ಮನೆಯ ಬಾಗಿಲಾದರೂ ತೆರೆಯುತ್ತಿತ್ತು. ಅವನು ಒಪೆರಾವನ್ನೇ ಬಿಟ್ಟು ಪ್ಯಾರಿಸ್ ಪಕ್ಕದ ನಾಂತೆರ್‌ನ ಅಮಾಂದಿಯೆ ರಂಗಮಂದಿರಕ್ಕೆ ಹೋದ. 1982ರಿಂದ 1990ರವರೆಗೆ ಅದನ್ನು ನಡೆಸಿದ, ಬೆರ್ನಾರ್-ಮರೀ ಕೊಲ್ತೆಸ್ ಎಂಬ ಯುವ ನಾಟಕಕಾರನ ಕೃತಿಗಳನ್ನು ಒಂದಾದ ಮೇಲೊಂದು ರಂಗಕ್ಕೆ ತಂದ, ನಟರಿಗಾಗಿ ಶಾಲೆ ಕಟ್ಟಿದ, ಸಿನಿಮಾ ಮಾಡಿದ. ‘ಲುಲು’ವಿನಿಂದ 1992ರವರೆಗೆ ಅವನು ಮಾಡಿದ್ದು ಮೊಜಾರ್ಟ್‌ನ ಹದಿಹರೆಯದ ಕೃತಿ ‘ಲೂಚಿಯೊ ಸಿಲ್ಲಾ’ ಒಂದೇ. 1994ರ ‘ಡಾನ್ ಜೊವಾನ್ನಿ’ಯ ನಂತರ ಮತ್ತೆ ಹನ್ನೊಂದು ವರ್ಷ ಹೊಸ ಒಪೆರಾ ಇಲ್ಲ. ಈ ನಡುವೆ ‘ಲಾ ರೇನ್ ಮಾರ್ಗೊ’ ಕಾನ್ ಉತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಪಡೆಯಿತು, ‘ಇಂಟಿಮಸಿ’ ಬರ್ಲಿನ್ನಿನಲ್ಲಿ ಚಿನ್ನದ ಕರಡಿ ಗೆದ್ದಿತು. ವೃತ್ತಿಬದುಕಿನ ಈ ಖಾಲಿ ವರ್ಷಗಳನ್ನು ನಾನು ಖಾಲಿ ಎಂದು ಎಣಿಸಲಾರೆ. ಕ್ಯಾಮೆರಾದ ಎದುರು ಚರ್ಮ, ಬೆವರು, ಉಸಿರನ್ನು ಹತ್ತಿರದಿಂದ ನೋಡಿದ್ದು ಅವನ ಕೊನೆಯ ಒಪೆರಾಗಳಲ್ಲಿ ಎದ್ದು ಕಾಣುತ್ತದೆ.

1992ರ ‘ವೊಟ್ಸೆಕ್’ ಆ ಹಂತದ ಬಲವಾದ ಕೆಲಸ. ಪ್ಯಾರಿಸ್ಸಿನ ಶಾತ್ಲೆ ರಂಗಮಂದಿರದಲ್ಲಿ ಕಂಡಕ್ಟರ್ ಡೇನಿಯಲ್ ಬರೆನ್‌ಬೋಯ್ಮ್ ಜತೆ ಶುರುವಾಗಿ ಮುಂದೆ ಬರ್ಲಿನ್ನಿಗೆ ಹೋಯಿತು. ಪೆದುಜ್ಜಿ ಈ ಸಲ ಬಣ್ಣದ ಜ್ಯಾಮಿತಿಯ ಆಕಾರಗಳನ್ನಷ್ಟೇ ಇಟ್ಟ. ಅವು ಪ್ರೇಕ್ಷಕರ ಕಣ್ಣೆದುರೇ ಸರಿದು ಮನೆಯಾಗುತ್ತಿದ್ದವು, ಬೀದಿಯಾಗುತ್ತಿದ್ದವು. ‘ಲುಲು’ವಿನ ಕಲ್ಲು ಕರಗಿತ್ತು. ಫ್ರಾನ್ಸ್ ಗ್ರುಂಡ್‌ಹೆಬರ್‌ನ ಬಡ ಸೈನಿಕ, ವಾಲ್ಟ್ರೌಡ್ ಮೇಯರ್‌ಳ ಮರೀ. ಮೇಯರ್ ಇಲ್ಲಿಂದ ಮುಂದೆ ಅವನ ಮುಖ್ಯ ನಟಿಯಾದಳು. ಸಾಲ್ಸ್‌ಬರ್ಗ್‌ನ ‘ಡಾನ್ ಜೊವಾನ್ನಿ’ಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಅವನ ನೆನಪಿನಲ್ಲುಳಿಯುವ ಕೃತಿಗಳ ಸಾಲಿಗೆ ಸೇರಲಿಲ್ಲ. 2005ರಲ್ಲಿ ಫ್ರಾನ್ಸಿನ ಏಕ್ಸ್ ಉತ್ಸವಕ್ಕೆ ಮಾಡಿದ ‘ಕೊಸಿ ಫಾನ್ ತುತ್ತೆ’ ಒಂದು ಹಳೆಯ ರಂಗಮಂದಿರದ ಹಿಂಭಾಗದಲ್ಲಿ ನಡೆಯುತ್ತದೆ, ಗೋಡೆಯ ಮೇಲೆ ಧೂಮಪಾನ ನಿಷೇಧದ ಇಟಾಲಿಯನ್ ಬರಹ. ನಾಟಕ ಆಡುವವರು ಆಡುತ್ತಿರುವ ನಾಟಕ ಎಂಬ ಆ ಕಲ್ಪನೆ ಚೆಂದ, ಆದರೆ ಮೊಜಾರ್ಟ್‌ನ ಹಗುರ ಅವನ ಸ್ವಭಾವಕ್ಕೆ ಒಗ್ಗಲಿಲ್ಲ. ಮೊಜಾರ್ಟ್ ಕೃತಿಗಳಲ್ಲಿ ಅವನು ಗೌರವಾನ್ವಿತ ಅತಿಥಿ. ಬೆರ್ಗ್, ವಾಗ್ನರ್, ಯಾನಾಚೆಕ್, ಸ್ಟ್ರಾಸ್‌ರ ಲೋಕದಲ್ಲಿ ಮನೆಯವನು.

2007ರ ‘ಸತ್ತವರ ಮನೆಯಿಂದ’ ಅವನ ಅತ್ಯುತ್ತಮ ಒಪೆರಾ ಎಂದು ನಾನು ಹೇಳುತ್ತೇನೆ. ದೊಸ್ತೊಯೆವ್‌ಸ್ಕಿ ಸೈಬೀರಿಯಾದ ಸೆರೆಯ ಬಗ್ಗೆ ಬರೆದ ಪುಸ್ತಕವನ್ನು ಆಧರಿಸಿ ಲಿಯೊಶ್ ಯಾನಾಚೆಕ್ ರಚಿಸಿದ ಕೊನೆಯ ಕೃತಿ ಇದು. 1928ರಲ್ಲಿ ಅವನು ತೀರಿಕೊಂಡ ಮೇಲೆ, 1930ರಲ್ಲಿ ಬ್ರನೊ ನಗರದಲ್ಲಿ ಮೊದಲು ಪ್ರದರ್ಶನವಾಯಿತು. ಇದರಲ್ಲಿ ನಾಯಕನಿಲ್ಲ, ಕಥೆಯೆಂಬ ಕಥೆಯೂ ಇಲ್ಲ. ಕೈದಿಗಳು ಒಬ್ಬೊಬ್ಬರಾಗಿ ತಮ್ಮ ಅಪರಾಧ ಹೇಳಿಕೊಳ್ಳುತ್ತಾರೆ, ಮತ್ತೆ ಗುಂಪಿನೊಳಗೆ ಕರಗುತ್ತಾರೆ. ನೂರು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿಯುತ್ತದೆ. ಹೆಚ್ಚಿನ ನಿರ್ದೇಶಕರಿಗೆ ಇದು ಕಗ್ಗಂಟು, ಹಿಡಿಯಲು ಎಳೆಯೇ ಇಲ್ಲ. ಶೆರೋಗೆ ಇದು ಹೇಳಿ ಮಾಡಿಸಿದ ಕೃತಿ, ಯಾಕೆಂದರೆ ಇಲ್ಲಿ ಕೇಳುವುದೇ ಕ್ರಿಯೆ. ಒಬ್ಬ ಕೈದಿ ತಾನು ಕೊಂದದ್ದನ್ನು ಹೇಳುವಾಗ ಉಳಿದವರು ಏನು ಮಾಡುತ್ತಾರೆ? ಒಬ್ಬ ಬೂಟು ಹೊಲಿಯುತ್ತಾನೆ, ಒಬ್ಬ ನಿದ್ದೆಹೋಗುತ್ತಾನೆ, ಒಬ್ಬನಿಗೆ ಸಿಟ್ಟು ಬರುತ್ತದೆ, ಇನ್ನೊಬ್ಬ ಕಥೆಗಾರನ ಮುಖವನ್ನೇ ನೋಡುತ್ತ ಕೂರುತ್ತಾನೆ. ಶೆರೋ ಹಾಡುವವರ ನಡುವೆ ಮಾತಿಲ್ಲದ ನಟರನ್ನು ಬೆರೆಸಿ, ಕೋರಸ್ಸಿನ ಒಬ್ಬೊಬ್ಬನಿಗೂ ಒಂದು ಬದುಕು ಕೊಟ್ಟ. ಯಾರು ಹಾಡುಗಾರ, ಯಾರು ನಟ ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ.

ಪೆದುಜ್ಜಿ ಕಟ್ಟಿದ್ದು ಬೂದು ಬಣ್ಣದ ಎತ್ತರದ ಕಾಂಕ್ರೀಟ್ ಗೋಡೆಗಳು. ಮೊದಲ ಅಂಕದ ಕೊನೆಗೆ ಮೇಲಿನಿಂದ ಒಮ್ಮೆಲೇ ಕಸದ ರಾಶಿ ಧೊಪ್ಪೆಂದು ಬೀಳುತ್ತದೆ, ಧೂಳು ಸಭಾಂಗಣದತ್ತ ಹರಡುತ್ತದೆ, ಮುಂದಿನ ಅಂಕದಲ್ಲಿ ಕೈದಿಗಳು ಅದನ್ನು ಬಾಚಿ ತುಂಬುತ್ತಾರೆ. ಇಡೀ ಪ್ರಯೋಗದಲ್ಲಿ ಬೆಚ್ಚಿಬೀಳಿಸುವಂಥದ್ದು ಅದೊಂದೇ. ಉಳಿದದ್ದೆಲ್ಲ ಮನುಷ್ಯರು. ಪ್ರತಿ ಜೀವಿಯಲ್ಲೂ ದೇವರ ಕಿಡಿಯಿದೆ ಎಂಬ ಅರ್ಥದ ಮಾತನ್ನು ಯಾನಾಚೆಕ್ ಸ್ವರಲಿಪಿಯ ಮೇಲೆ ಬರೆದಿದ್ದ. ಅದನ್ನು ಘೋಷಣೆಯಾಗಿಸದೆ, ಒಬ್ಬೊಬ್ಬರ ನಡೆನುಡಿಯಲ್ಲಿ ಕಾಣಿಸಿದ್ದು ಶೆರೋನ ಸಾಧನೆ. ವಿಯೆನ್ನಾದಲ್ಲಿ ಬುಲೆಜ್‌ನ ನೇತೃತ್ವದಲ್ಲಿ ಶುರುವಾದ ಇದು ಏಕ್ಸ್‌ಗೆ ಹೋಗಿ, 2009ರ ನವೆಂಬರ್‌ನಲ್ಲಿ ಕಂಡಕ್ಟರ್ ಎಸಾ-ಪೆಕ್ಕಾ ಸಾಲೊನೆನ್ ಜತೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಸೇರಿತು. ಅಮೆರಿಕದ ಆ ದೊಡ್ಡ ಮನೆಯಲ್ಲಿ ಶೆರೋನ ಮೊದಲ ಕೆಲಸ ಅದು. ಆಗ ಅವನಿಗೆ ಅರವತ್ತೈದು.

ಅದೇ 2007ರ ಡಿಸೆಂಬರ್ 7ರಂದು ಲಾ ಸ್ಕಾಲಾದ ಋತು ತೆರೆದದ್ದು ಅವನ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ಯಿಂದ, ಬರೆನ್‌ಬೋಯ್ಮ್ ಕಂಡಕ್ಟರ್, ಮೇಯರ್ ಇಸೋಲ್ಡೆ. ಕೊನೆಯ ಹಾಡಿನಲ್ಲಿ ಅವಳ ಹಣೆಯಿಂದ ರಕ್ತ ಇಳಿಯುತ್ತದೆ. ಪರಮಾನಂದದ ಆ ಸಂಗೀತಕ್ಕೆ ಸಾಯುತ್ತಿರುವ ದೇಹವೊಂದು ಇದೆ ಎಂದು ಶೆರೋ ಮರೆಯಗೊಡುವುದಿಲ್ಲ.

ಕೊನೆಗೆ ‘ಎಲೆಕ್ಟ್ರಾ’. ರಿಚರ್ಡ್ ಸ್ಟ್ರಾಸ್‌ನ ಹೆಸರು ಮೈಸೂರಿಗೆ ಹೊಸದಲ್ಲ. ಅವನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಸಿದ್ದು ಜಯಚಾಮರಾಜ ಒಡೆಯರ್ ಅವರು ಕೊಟ್ಟ ಹಣದ ಭರವಸೆಯಿಂದ. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್. ಆ ಹಾಡುಗಳ ಶಾಂತಿಯನ್ನಷ್ಟೇ ಕೇಳಿದವರಿಗೆ ‘ಎಲೆಕ್ಟ್ರಾ’ ಬೇರೆಯೇ ಸ್ಟ್ರಾಸ್: ನೂರಕ್ಕೂ ಹೆಚ್ಚು ವಾದ್ಯಗಳು, ತಂದೆಯನ್ನು ಕೊಂದ ತಾಯಿಯ ಸಾವಿಗೆ ಕಾಯುವ ಮಗಳು, ನಡುವೆ ವಿರಾಮವಿಲ್ಲದ ಒಂದು ಅಂಕ. ವಾಡಿಕೆಯ ಪ್ರಯೋಗಗಳಲ್ಲಿ ಇದು ಕಿರುಚಾಟದ ಸ್ಪರ್ಧೆ. ಮಗಳು ಹುಚ್ಚಿ, ತಾಯಿ ಕ್ಲಿಟೆಮ್ನೆಸ್ಟ್ರಾ ರಾಕ್ಷಸಿ. 2013ರ ಜುಲೈನಲ್ಲಿ ಏಕ್ಸ್‌ನಲ್ಲಿ ಶೆರೋ ಶುರುಮಾಡಿದ್ದು ಸದ್ದಿಲ್ಲದೆ. ಆರ್ಕೆಸ್ಟ್ರಾ ಸ್ಫೋಟಿಸುವ ಮೊದಲು ದಾಸಿಯರು ಅಂಗಳ ಗುಡಿಸುತ್ತಾರೆ, ಪೊರಕೆಯ ಸದ್ದು ಮಾತ್ರ. ಇದು ಒಂದು ಮನೆ, ಇಲ್ಲಿ ದಿನವೂ ಕೆಲಸ ನಡೆಯುತ್ತದೆ, ಇಲ್ಲಿಯೇ ಕೊಲೆಯೂ ನಡೆದಿದೆ.

ಮೇಯರ್‌ಳ ಕ್ಲಿಟೆಮ್ನೆಸ್ಟ್ರಾ ನಿದ್ದೆ ಬಾರದ, ಘನತೆಯುಳ್ಳ ಹೆಂಗಸು. ಎವೆಲಿನ್ ಹೆರ್ಲಿಟ್ಸಿಯುಸ್‌ಳ ಎಲೆಕ್ಟ್ರಾ ಎದುರು ಅವಳು ಕುಳಿತು ಮಾತನಾಡುವ ದೃಶ್ಯದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಯಸುತ್ತಾರೆ. ತಾಯಿಗೆ ಮಗಳ ಕ್ಷಮೆ ಬೇಕು, ಮಗಳಿಗೆ ತಾಯಿಯ ಮಡಿಲು ಬೇಕು. ದ್ವೇಷ ಅಲ್ಲಿಂದ ಹುಟ್ಟಿದೆ ಎಂದು ಕಂಡಮೇಲೆ ಆ ಸಂಗೀತ ಬೇರೆಯಾಗಿ ಕೇಳುತ್ತದೆ. ಲಿಬ್ರೆಟ್ಟೊದ ಪ್ರಕಾರ ಎಲೆಕ್ಟ್ರಾ ಕುಣಿದು ಕುಸಿದು ಸಾಯಬೇಕು. ಇಲ್ಲಿ ಅವಳು ಸಾಯದೆ, ಕುಳಿತಲ್ಲೇ ಕಲ್ಲಾಗುತ್ತಾಳೆ. ಸೇಡು ತೀರಿಸಿದ ತಮ್ಮ ಒರೆಸ್ಟ್ ಯಾರಿಗೂ ಮುಖ ತೋರಿಸದೆ ಹೊರಟುಹೋಗುತ್ತಾನೆ.

ಆ ವೇದಿಕೆಯ ಸಣ್ಣ ಪಾತ್ರಗಳಲ್ಲಿ ಇಬ್ಬರು ಮುದುಕರಿದ್ದರು. ಒಬ್ಬ ಡೊನಾಲ್ಡ್ ಮ್ಯಾಕಿಂಟೈರ್, 1976ರ ವೋಟನ್. ಇನ್ನೊಬ್ಬ ಫ್ರಾನ್ಸ್ ಮಜೂರಾ, ಬೈರಾಯ್ಟ್‌ನ ಗುಂಟರ್, ‘ಲುಲು’ವಿನ ಡಾಕ್ಟರ್ ಶೋನ್, ಇಲ್ಲಿ ಎಂಬತ್ತೊಂಬತ್ತರ ವಯಸ್ಸಿನಲ್ಲಿ ಒರೆಸ್ಟ್‌ನ ಮುದಿ ಪಾಲಕ. ಒಬ್ಬ ನಿರ್ದೇಶಕನ ವೃತ್ತಿಬದುಕನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ತಿಳಿದಿಲ್ಲ. ಅವನ ಜತೆ ಕೆಲಸ ಮಾಡಿದವರು ಮೂವತ್ತೇಳು ವರ್ಷದ ನಂತರ ನಾಲ್ಕು ಸಾಲು ಹಾಡಲು ಮರಳಿ ಬಂದರು. ಆಗಲೇ ಶ್ವಾಸಕೋಶದ ಕ್ಯಾನ್ಸರಿನಿಂದ ನರಳುತ್ತಿದ್ದ ಶೆರೋ ಅದೇ ವರ್ಷ ಅಕ್ಟೋಬರ್ 7ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಅವನ ಮಿತಿಗಳನ್ನೂ ಹೇಳಬೇಕು. ವೆರ್ದಿಯ ಒಂದು ಒಪೆರಾವನ್ನೂ ಅವನು ಮಾಡಲಿಲ್ಲ, ಪುಚ್ಚಿನಿಯದನ್ನೂ ಮುಟ್ಟಲಿಲ್ಲ. ಪ್ರೇಕ್ಷಕ ಮೊದಲು ಕಂಠಕ್ಕೆ ಸೋಲುವ, ನಾಟಕ ಆಮೇಲೆ ಬರುವ ಇಟಾಲಿಯನ್ ಪರಂಪರೆಯಿಂದ, ಆ ಮೊದಲ ರೊಸ್ಸಿನಿಯ ನಂತರ, ಅವನು ದೂರ ನಿಂತ. ಒಪೆರಾ ಎಂದರೆ ಹಾಡಿನ ಸಂಭ್ರಮ ಎಂದು ಪ್ರೀತಿಸುವವರಿಗೆ ಶೆರೋ ಸದಾ ಸ್ವಲ್ಪ ಕಠಿಣ, ನಗು ಕಡಿಮೆ. ಈ ದೂರು ನ್ಯಾಯವಾದದ್ದು.

ಹೆಚ್ಚು ಚಿಂತೆಗೆ ಹಚ್ಚುವ ಪ್ರಶ್ನೆ ಅವನ ನಂತರದ್ದು. 1976ರ ‘ರಿಂಗ್’ನಿಂದ ಯುರೋಪು ಕಲಿತದ್ದು ಕೋಟು, ಕಾರ್ಖಾನೆ, ಹಾಳುಗೋಡೆಗಳನ್ನು. ದೇವರುಗಳಿಗೆ ಸೂಟು ತೊಡಿಸಿದ ಪ್ರಯೋಗಗಳು ಆಮೇಲೆ ಎಷ್ಟೋ ಬಂದವು. ವೋಟನ್ ಸಾಯುವ ಮಗನನ್ನು ಅಪ್ಪಿಕೊಂಡ ಬಗೆಯನ್ನು ಕಲಿತವರು ಕೆಲವರೇ. ಇದಕ್ಕೆ ನಿರ್ದೇಶಕರನ್ನಷ್ಟೇ ದೂರುವುದು ಸರಿಯಲ್ಲ. ಹೊಸ ಪ್ರಯೋಗಕ್ಕೆ ಐದಾರು ವಾರದ ತಾಲೀಮು, ಅದರಲ್ಲೂ ಮುಖ್ಯ ಗಾಯಕರು ಬೇರೆ ಊರಿನ ಕಚೇರಿ ಮುಗಿಸಿ ತಡವಾಗಿ ಬಂದು ಸೇರುವುದು; ಖರ್ಚು ಹಂಚಿಕೊಳ್ಳಲು ನಾಲ್ಕೈದು ಮನೆಗಳು ಸೇರಿ ಮಾಡುವ ಒಪ್ಪಂದ; ಮುಂದಿನ ಮನೆಯಲ್ಲಿ ಅದು ಏಳುವ ಹೊತ್ತಿಗೆ ಹೊಸ ಗಾಯಕರು, ನಿರ್ದೇಶಕ ಇನ್ನೊಂದು ದೇಶದಲ್ಲಿ, ತಾಲೀಮು ಇನ್ನೂ ಕಡಿಮೆ. ಈ ಏರ್ಪಾಡಿನಲ್ಲಿ ಉಳಿಯುವುದು ಸೆಟ್ ಮತ್ತು ಒಂದು ಸಾಲಿನಲ್ಲಿ ಹೇಳಬಹುದಾದ ವಿಚಾರ. ಕೇಳುತ್ತಿರುವ ಕುತ್ತಿಗೆಯ ತಿರುವು ಉಳಿಯುವುದಿಲ್ಲ. ‘ಎಲೆಕ್ಟ್ರಾ’ ಕೂಡ ಇಂಥದೇ ಒಪ್ಪಂದದ ಕೂಸು. ಏಕ್ಸ್, ಮಿಲಾನ್, ನ್ಯೂಯಾರ್ಕ್, ಬರ್ಲಿನ್, ಬಾರ್ಸಿಲೋನಾ, ಹೆಲ್ಸಿಂಕಿಯ ಮನೆಗಳು ಅದರಲ್ಲಿ ಪಾಲುದಾರರು. ಅವನ ಮರಣಾನಂತರ ಅದು ಜೀವ ಕಳೆದುಕೊಳ್ಳದೆ ಉಳಿದದ್ದಕ್ಕೆ ಕಾರಣ, ತಾಲೀಮಿನಲ್ಲಿ ಜತೆಗಿದ್ದ ವಿನ್ಸೆಂಟ್ ಉಗೆಯಂಥ ಸಹಾಯಕರು ಮತ್ತು ಮೇಯರ್‌ಳಂಥ ಕಲಾವಿದೆಯರು ಅದನ್ನು ಮೈಯಲ್ಲಿ ಹೊತ್ತು ಊರಿಂದೂರಿಗೆ ಒಯ್ದದ್ದು. 2016ರಲ್ಲಿ ನ್ಯೂಯಾರ್ಕಿನಲ್ಲಿ ನೀನಾ ಸ್ಟೆಮ್ಮೆ ಎಲೆಕ್ಟ್ರಾ ಆದಾಗಲೂ ಎದುರು ಕುಳಿತ ತಾಯಿ ಮೇಯರಳೇ.

ನಾವು ಕನ್ನಡಿಗರು ಒಪೆರಾವನ್ನು ಹೆಚ್ಚಾಗಿ ನೋಡುವುದು ಪರದೆಯ ಮೇಲೆಯೇ. ನಾನು ಇಲ್ಲಿ ಹೇಳಿದ್ದೂ ಚಿತ್ರೀಕರಣಗಳನ್ನು ಆಧರಿಸಿ. ಶೆರೋನ ವಿಷಯದಲ್ಲಿ ಇದು ನಷ್ಟವಲ್ಲ. ‘ರಿಂಗ್’, ‘ವೊಟ್ಸೆಕ್’, ‘ಕೊಸಿ’, ‘ಟ್ರಿಸ್ಟಾನ್’, ‘ಸತ್ತವರ ಮನೆಯಿಂದ’, ‘ಎಲೆಕ್ಟ್ರಾ’ ಎಲ್ಲವೂ ಡಿವಿಡಿಯಾಗಿ ಬಂದಿವೆ. ಒಪೆರಾವನ್ನು ಎಂದೂ ನೋಡದವರು ಹದಿನೈದು ತಾಸಿನ ‘ರಿಂಗ್’ನಿಂದ ಶುರುಮಾಡಬೇಡಿ. ‘ಸತ್ತವರ ಮನೆಯಿಂದ’ ಹಾಕಿಕೊಳ್ಳಿ, ಉಪಶೀರ್ಷಿಕೆ ಇಟ್ಟುಕೊಳ್ಳಿ, ಹಾಡುತ್ತಿರುವವನನ್ನು ಬಿಟ್ಟು ಅವನ ಪಕ್ಕದಲ್ಲಿ ಕೂತವನನ್ನು ನೋಡಿ.